ಅಪ್ಪ ಅಮ್ಮ ರೈಲಿನಲ್ಲಿ ಕಾಶಿಗೆ ಹೊರಟಿದ್ದಾರೆ: ಸಾಮಾನು, ದುಡ್ಡು, ಫೋನು ಜೋಪಾನ ಹೇಗೆ?

ತುಮಕೂರಿನ ಮಗಳು:

ಅಪ್ಪನಿಗೆ 68, ಅಮ್ಮನಿಗೆ 63. ಬರುವ ತಿಂಗಳು ಇಬ್ಬರೇ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಕಾಶಿಗೆ ಹೊರಟಿದ್ದಾರೆ. ಬೆಂಗಳೂರಿನಲ್ಲಿ ಹತ್ತಿದರೆ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ ಇಳಿಯಬೇಕು. ಎರಡು ರಾತ್ರಿ ಸ್ಲೀಪರ್ ಬೋಗಿಯಲ್ಲೇ. ಜೊತೆಗೆ ಹೋಗೋಣ ಅಂದರೆ ನನಗೂ ತಮ್ಮನಿಗೂ ರಜೆ ಸಿಗಲಿಲ್ಲ.

ಇಬ್ಬರಿಗೂ ಹಿಂದಿ ಅಷ್ಟಕ್ಕಷ್ಟೆ. ಅಪ್ಪನಿಗೆ ಯುಪಿಐ ಬಳಸಲು ಬರುತ್ತದೆ, ಆದರೂ ಕೈಯಲ್ಲಿ ನಗದು ಇದ್ದರೇ ಅವರಿಗೆ ಧೈರ್ಯ. ಅಮ್ಮ ಮಾಂಗಲ್ಯದ ಸರ ತೆಗೆದಿಡುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. "ಹುಷಾರಾಗಿ ಹೋಗಿ ಬನ್ನಿ" ಅಂತ ಎಲ್ಲರೂ ಹೇಳುತ್ತಾರೆ. ನನಗೆ ಬೇಕಿರುವುದು ಅದಕ್ಕಿಂತ ಜಾಸ್ತಿ. ಯಾವುದನ್ನು ಎಲ್ಲಿ ಇಡಬೇಕು? ರಾತ್ರಿ ಮಲಗುವ ಮುಂಚೆ ಏನು ಮಾಡಬೇಕು? ಏನಾದರೂ ಕಳುವಾದರೆ ಮೊದಲು ಯಾರನ್ನು ಕೇಳಬೇಕು? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಹಳೇ ಟಿಟಿಇ:

ಟಿಟಿಇ ಅಂದರೆ ಗಾಡಿಯಲ್ಲಿ ಟಿಕೆಟ್ ತಪಾಸಣೆ ಮಾಡುವವನು; ನೌಕರಿಯ ಕಾಲವೆಲ್ಲ ರಾತ್ರಿ ಗಾಡಿಗಳಲ್ಲೇ ಕಳೆದವನು ನಾನು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ.

ಮೊದಲು ಟಿಕೆಟ್. ಇನ್ನೂ ತೆಗೆಸಿಲ್ಲ ಅಂದರೆ ಹಿರಿಯರ ಕೋಟಾದಲ್ಲಿ ಕೆಳಗಿನ ಬರ್ತ್ ಕೇಳಿ. ಗಂಡಸರಿಗೆ 60 ವರ್ಷ, ಹೆಂಗಸರಿಗೆ 45 ವರ್ಷ ಆಗಿರಬೇಕು. ಒಂದು ಟಿಕೆಟ್‌ನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇದ್ದರೆ ಆ ಕೋಟಾ ಅನ್ವಯಿಸುವುದಿಲ್ಲ. ಪರಿಚಯದವರು ಯಾರಾದರೂ "ನಮ್ಮನ್ನೂ ಸೇರಿಸಿ ಒಂದೇ ಟಿಕೆಟ್ ಮಾಡಿಸಿ" ಅಂದರೆ ಒಪ್ಪಬೇಡಿ. ಕೆಳಗಿನ ಬರ್ತ್ ಅಂದರೆ ಹತ್ತುವ ಇಳಿಯುವ ಸುಖ ಮಾತ್ರ ಅಲ್ಲ. ನಿಮ್ಮ ಸಾಮಾನು ನೀವು ಮಲಗಿದ ಜಾಗದ ಕೆಳಗೇ ಇರುತ್ತದೆ. ಮೇಲಿನ ಬರ್ತ್‌ನಲ್ಲಿ ಮಲಗಿದರೆ ಸಾಮಾನು ಬೇರೆಯವರ ಕಾಲ ಬಳಿ ಇರುತ್ತದೆ.

ಇನ್ನು ಚೈನು. ಕೆಳಗಿನ ಬರ್ತಿನ ಅಡಿಯಲ್ಲಿ ಕಬ್ಬಿಣದ ಬಳೆ ಅಥವಾ ತಂತಿಯ ಕುಣಿಕೆ ಇರುತ್ತದೆ. ಚೈನನ್ನು ಅದರೊಳಗೆ ತೂರಿಸಿ, ಎಲ್ಲ ಬ್ಯಾಗ್‌ಗಳ ಗಟ್ಟಿ ಹಿಡಿಕೆಗಳ ಮೂಲಕ ಎಳೆದು ಬೀಗ ಹಾಕಬೇಕು. ಎಳೆಯುವ ಹ್ಯಾಂಡಲ್‌ಗೆ ಹಾಕಬೇಡಿ, ಅದು ಕಿತ್ತು ಬರುತ್ತದೆ. ಪಕ್ಕದ ದಪ್ಪ ಹಿಡಿಕೆಗೆ ಹಾಕಿ. ಚೈನು ಕತ್ತರಿಸಲು ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಬೋಗಿಗೆ ಬರುವ ಕಳ್ಳನ ಹತ್ತಿರ ಸಮಯ ಇರುವುದಿಲ್ಲ. ಗಾಡಿ ನಿಧಾನ ಆದಾಗ ಅಥವಾ ನಿಂತಾಗ ಒಳಗೆ ಬರುತ್ತಾನೆ, ಬಿಡಿಯಾಗಿ ಇದ್ದದ್ದನ್ನು ಎತ್ತುತ್ತಾನೆ, ಗಾಡಿ ಹೊರಡುವ ಹೊತ್ತಿಗೆ ಇಳಿದಿರುತ್ತಾನೆ. ಬೀಗ ಕಂಡರೆ ಮುಂದಿನ ಬರ್ತ್ ನೋಡುತ್ತಾನೆ.

ಕಳ್ಳತನ ಹೆಚ್ಚಾಗಿ ನಡೆಯುವುದು ಬೆಳಗಿನ ಜಾವಕ್ಕೆ ಮುಂಚೆ, ಎರಡರಿಂದ ನಾಲ್ಕೂವರೆ ಒಳಗೆ. ಎಲ್ಲರಿಗೂ ಗಾಢ ನಿದ್ದೆ. ದೊಡ್ಡ ಜಂಕ್ಷನ್‌ಗೆ ಮುಂಚೆ ಹೊರಗಿನ ಸಿಗ್ನಲ್‌ನಲ್ಲಿ ಗಾಡಿ ನಿಲ್ಲುತ್ತದೆ. ಅಪ್ಪನಿಗೆ ಆ ಹೊತ್ತಿಗೆ ಹೇಗೂ ಒಮ್ಮೆ ಎಚ್ಚರ ಆಗುತ್ತದಲ್ವಾ? ಆಗ ಕಾಲಿನಿಂದ ಒಮ್ಮೆ ಬ್ಯಾಗು ಮುಟ್ಟಿ ನೋಡಿದರೆ ಸಾಕು. ರಾತ್ರಿಯಿಡೀ ಕಣ್ಣು ಬಿಟ್ಟು ಕೂರಬೇಕಾಗಿಲ್ಲ.

ಗದಗ ಗೆಳೆಯ:

ಟ್ರಾಲಿ ಬ್ಯಾಗಿಗೆ ನಂಬರ್ ಲಾಕ್ ಇದ್ದರೆ ಸಾಲದಾ?

ಹಳೇ ಟಿಟಿಇ:

ಸಾಲದು. ಜಿಪ್ಪಿನ ಹಲ್ಲುಗಳ ನಡುವೆ ಒಂದು ಬಾಲ್ ಪೆನ್ ಚುಚ್ಚಿದರೆ ಜಿಪ್ಪು ಬಿಚ್ಚಿಕೊಳ್ಳುತ್ತದೆ. ಆಮೇಲೆ ಲಾಕ್ ಹಾಕಿದ ರನ್ನರ್ ಅನ್ನೇ ಒಮ್ಮೆ ಎಳೆದರೆ ಮತ್ತೆ ಮುಚ್ಚಿಯೂ ಬಿಡುತ್ತದೆ, ಮನೆಗೆ ಹೋಗುವ ತನಕ ಗೊತ್ತಾಗುವುದೇ ಇಲ್ಲ. ದೊಡ್ಡ ಬ್ಯಾಗಿನಲ್ಲಿ ಬಟ್ಟೆ ಬಿಟ್ಟು ಬೆಲೆಬಾಳುವ ಯಾವುದನ್ನೂ ಇಡಬೇಡಿ. ಮಾತ್ರೆಗಳನ್ನು ಕೂಡ ಇಡಬೇಡಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಇರುವ ಬ್ಯಾಗು ಹೋಯಿತು ಅಂದರೆ ನಾಗಪುರ ದಾಟಿದ ಮೇಲೆ ಅದೇ ಕಂಪನಿಯ ಮಾತ್ರೆ ಹುಡುಕುವುದು ದೊಡ್ಡ ಕಷ್ಟ. ಮಾತ್ರೆ, ಡಾಕ್ಟರ್ ಚೀಟಿ, ಕನ್ನಡಕ, ಇವು ಹೆಗಲ ಚೀಲದಲ್ಲಿ ಇರಲಿ. ಆ ಚೀಲ ತಲೆಯ ಕೆಳಗೆ ಇರಲಿ.

ಉಡುಪಿ ಪಯಣಿಗಳು:

ನಾನು ಒಬ್ಬಳೇ ತಿರುಗಾಡುವವಳು. ಹಿರಿಯರು ಹೇಳಿದ್ದೆಲ್ಲ ಸರಿ. ಆದರೆ ಒಂದು ಮಾತು ಹೇಳಲೇಬೇಕು. ದಯವಿಟ್ಟು ಅಪ್ಪ ಅಮ್ಮನ ತಲೆಗೆ ಭಯ ತುಂಬಿ ಕಳಿಸಬೇಡಿ. ಎಲ್ಲರನ್ನೂ ಕಳ್ಳರಂತೆ ನೋಡುತ್ತಾ ಎರಡು ರಾತ್ರಿ ಕೂತರೆ ಕಾಶಿ ತಲುಪುವ ಹೊತ್ತಿಗೆ ಸುಸ್ತಾಗಿರುತ್ತಾರೆ.

ನನಗೆ ರೈಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾವಲು ಅನ್ನಿಸಿರುವುದು ಎದುರಿಗೆ ಕೂತ ಜನ. ಹತ್ತಿದ ಕೂಡಲೇ ಅಕ್ಕಪಕ್ಕದವರನ್ನು ಮಾತಾಡಿಸಿ. ಎಲ್ಲಿ ಇಳಿಯುತ್ತೀರಿ ಅಂತ ಕೇಳಿ. ಯಾವ ಬ್ಯಾಗು ಯಾರದು ಅಂತ ಎಲ್ಲರಿಗೂ ತಿಳಿದರೆ, ಹೊರಗಿನವನು ಕೈ ಹಾಕಿದಾಗ ಯಾರಾದರೂ ಒಬ್ಬರು "ಏ, ಅದು ಅಜ್ಜನ ಬ್ಯಾಗು" ಅನ್ನುತ್ತಾರೆ. ಯಾರ ಜೊತೆಗೂ ಮಾತಾಡದೆ ಮುದುಡಿ ಕೂತವರ ಬ್ಯಾಗಿಗೆ ಆ ಕಾವಲು ಸಿಗುವುದಿಲ್ಲ.

ಹಳೇ ಟಿಟಿಇ:

ಪಯಣಿಗಳ ಮಾತಿಗೆ ನನ್ನ ಒಪ್ಪಿಗೆ ಇದೆ, ಒಂದು ಷರತ್ತಿನ ಮೇಲೆ. ಮಾತಾಡಿ, ನಗಿ, ಆದರೆ ತಿನ್ನಲು ಕುಡಿಯಲು ಏನನ್ನೂ ತೆಗೆದುಕೊಳ್ಳಬೇಡಿ. ಚಹಾ, ಬಿಸ್ಕತ್ತು, ತಂಪು ಪಾನೀಯದಲ್ಲಿ ಮತ್ತು ಬರುವ ಔಷಧಿ ಬೆರೆಸಿ ಕೊಡುವವರು ನೋಡಲು ಬಹಳ ಸಭ್ಯರಂತೆ ಇರುತ್ತಾರೆ. ಗಂಟೆಗಟ್ಟಲೆ ಮಾತಾಡಿ, "ನೀವು ನಮ್ಮ ತಂದೆಯ ಥರ" ಅಂತ ಹೇಳಿದ ಮೇಲೆ ಕೊಡುತ್ತಾರೆ. ನಮ್ಮ ಹಿರಿಯರಿಗೆ ಬೇಡ ಅನ್ನಲು ಸಂಕೋಚ. ವಯಸ್ಸಾದವರಿಗೆ ಆ ಔಷಧಿಯಿಂದ ಪ್ರಾಣಕ್ಕೇ ಅಪಾಯ ಆಗಬಹುದು. ಹೋಗುವುದು ಬರೀ ಸಾಮಾನಲ್ಲ.

ಸಂಕೋಚಕ್ಕೆ ಒಂದು ದಾರಿ ಇದೆ. "ಕಾಶಿ ಯಾತ್ರೆ, ವ್ರತ, ಹೊರಗಿನದು ತಿನ್ನುವುದಿಲ್ಲ" ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ.

ಉಡುಪಿ ಪಯಣಿಗಳು:

ಈ ಷರತ್ತು ನನಗೂ ಒಪ್ಪಿಗೆ. ಇನ್ನೊಂದು: ಎಷ್ಟು ದಿನ ಇರುತ್ತೀರಿ, ಎಲ್ಲಿ ಉಳಿದುಕೊಳ್ಳುತ್ತೀರಿ, ಊರಲ್ಲಿ ಮನೆಗೆ ಬೀಗ ಹಾಕಿ ಬಂದಿದ್ದೀರಾ, ಇಂಥ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಕೊಡುವುದು ಬೇಡ. "ಮಗ ಸ್ಟೇಷನ್ನಿಗೆ ಬರುತ್ತಾನೆ" ಅಂದರೆ ಸಾಕು.

ಕಲಬುರಗಿ ಕಡೆಯವನು:

ಫೋನಿನ ವಿಷಯ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲೇ ಒಬ್ಬರ ಫೋನು ಕಿಟಕಿಯಿಂದ ಹೋಯಿತು. ಗಾಡಿ ನಿಧಾನ ಆಗಿತ್ತು, ಕಿಟಕಿ ಪಕ್ಕ ಕೂತು ವಿಡಿಯೋ ನೋಡುತ್ತಿದ್ದರು. ಹೊರಗಿನಿಂದ ಕೈ ಬಂತು, ಫೋನು ಹೋಯಿತು. ಬಾಗಿಲ ಬಳಿ ನಿಲ್ಲುವುದು ಇನ್ನೂ ಅಪಾಯ. ಹಳಿಯ ಪಕ್ಕ ಕೋಲು ಹಿಡಿದು ನಿಂತು ಬಾಗಿಲಲ್ಲಿರುವವರ ಕೈಗೆ ಹೊಡೆದು ಫೋನು ಬೀಳಿಸುವವರಿದ್ದಾರೆ. ಮುಂಬೈ ಕಡೆ ಅವರಿಗೆ ಫಟ್ಕಾ ಗ್ಯಾಂಗ್ ಅಂತಲೇ ಹೆಸರು. ಫೋನಿನ ಹಿಂದೆ ಹಾರಲು ಹೋಗಿ ಕೈಕಾಲು ಕಳೆದುಕೊಂಡವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿ: ಫೋನು ಹೋದರೆ ಹೋಗಲಿ, ಬಾಗಿಲಿಗೆ ಓಡಬೇಡಿ.

ಚಾರ್ಜಿಂಗ್ ಕೂಡ ಯೋಚನೆ ಮಾಡಬೇಕಾದ ವಿಷಯ. ರಾತ್ರಿ 11ರಿಂದ ಬೆಳಗಿನ 5ರ ತನಕ ಬೋಗಿಯ ಚಾರ್ಜಿಂಗ್ ಪಾಯಿಂಟ್‌ಗಳನ್ನು ಬೆಂಕಿಯ ಭಯಕ್ಕೆ ಆಫ್ ಮಾಡುತ್ತಾರೆ. ಚಾರ್ಜ್ ಆಗಲಿ ಅಂತ ಫೋನನ್ನು ಪ್ಲಗ್ಗಿಗೆ ಹಾಕಿ ಮಲಗಿದರೆ ಚಾರ್ಜೂ ಆಗುವುದಿಲ್ಲ, ಫೋನೂ ಉಳಿಯುವುದಿಲ್ಲ. ಒಂದು ಪವರ್ ಬ್ಯಾಂಕ್ ಕೊಟ್ಟು ಕಳಿಸಿ.

ಈಗ ಮುಖ್ಯ ವಿಷಯ. ಇವತ್ತು ಫೋನು ಹೋದರೆ ಅದರ ಬೆಲೆಗಿಂತ ಒಳಗಿರುವ ಬ್ಯಾಂಕ್ ಖಾತೆಯ ಚಿಂತೆ ದೊಡ್ಡದು. ಸ್ಕ್ರೀನ್ ಲಾಕ್ ಇದ್ದರೆ ಸಾಕು ಅಂತ ನಾವು ಅಂದುಕೊಳ್ಳುತ್ತೇವೆ. ಕಳ್ಳ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಓಟಿಪಿಗಳೆಲ್ಲ ಅವನ ಕೈಗೆ ಬರುತ್ತವೆ. ಇದಕ್ಕೆ ಸಿಮ್ ಪಿನ್ ಅಂತ ಒಂದು ಸೌಲಭ್ಯ ಪ್ರತಿ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಇದೆ. ಅದನ್ನು ಹಾಕಿದರೆ ಸಿಮ್ ಬೇರೆ ಫೋನಿನಲ್ಲಿ ಪಿನ್ ಇಲ್ಲದೆ ಕೆಲಸ ಮಾಡುವುದಿಲ್ಲ. ಆದರೆ ಹುಷಾರು, ತಪ್ಪು ಪಿನ್ ಮೂರು ಸಲ ಹಾಕಿದರೆ ಸಿಮ್ ಲಾಕ್ ಆಗುತ್ತದೆ. ನೀವೇ ಕೂತು ಮಾಡಿಕೊಡಿ, ಫೋನು ಆಫ್ ಮಾಡಿ ಆನ್ ಮಾಡುವಾಗ ಪಿನ್ ಕೇಳುತ್ತದೆ ಅಂತ ಅಪ್ಪನಿಗೆ ಅಭ್ಯಾಸ ಮಾಡಿಸಿ.

ಮತ್ತೆ, ಪ್ರಯಾಣದ ಖರ್ಚಿಗೆ ಬೇರೆಯೇ ಒಂದು ಸಣ್ಣ ಉಳಿತಾಯ ಖಾತೆ ಇರಲಿ. ಅದರಲ್ಲಿ ಯಾತ್ರೆಗೆ ಬೇಕಾದಷ್ಟೇ ಹಾಕಿ, ಯುಪಿಐ ಅದಕ್ಕೆ ಮಾತ್ರ ಜೋಡಿಸಿ. ಪಿಂಚಣಿ ಬರುವ ಖಾತೆಯನ್ನು ಫೋನಿನಿಂದ ಈಗಲೇ ತೆಗೆಸಿ. ನನ್ನನ್ನು ಕೇಳಿದರೆ ಇಡೀ ತಯಾರಿಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ.

ತುಮಕೂರಿನ ಮಗಳು:

ಸಿಮ್ ಪಿನ್ ವಿಷಯ ನನಗೇ ಗೊತ್ತಿರಲಿಲ್ಲ. ಫೋನು ಹೋದ ಮೇಲೆ ಏನು ಮಾಡಬೇಕು?

ಕಲಬುರಗಿ ಕಡೆಯವನು:

ಅಮ್ಮನ ಫೋನಿನಿಂದ ಮೊದಲು ನಿಮಗೆ ಕರೆ ಮಾಡಲಿ. ಮಿಕ್ಕಿದ್ದೆಲ್ಲ ನೀವು ಮನೆಯಲ್ಲಿ ಕೂತೇ ಮಾಡಬಹುದು. ಸಿಮ್ ಕಂಪನಿಗೆ ಹೇಳಿ ನಂಬರ್ ನಿಲ್ಲಿಸಿ. ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡ್ ನಿಲ್ಲಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣವನ್ನು ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಆಮೇಲೆ ಫೋನನ್ನೇ ಬ್ಲಾಕ್ ಮಾಡಿಸುವುದು. ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಕಳುವಾದ ಫೋನು ಬ್ಲಾಕ್ ಮಾಡಲು ಸಿಇಐಆರ್ ಅಂತ ಒಂದು ವ್ಯವಸ್ಥೆ ಇದೆ. 2023ರ ಮೇ ತಿಂಗಳಿನಿಂದ ದೇಶದ ಎಲ್ಲ ಕಡೆ ಸಿಗುತ್ತಿದೆ. ಪೊಲೀಸ್ ದೂರಿನ ಪ್ರತಿ, ಫೋನಿನ ಐಎಂಇಐ ನಂಬರ್ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕೊಟ್ಟರೆ ಆ ಫೋನು ಯಾವ ಸಿಮ್ ಹಾಕಿದರೂ ಇಲ್ಲಿನ ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಪತ್ತೆಯಾಗಿ ಮಾಲೀಕರಿಗೆ ವಾಪಸ್ ಸಿಕ್ಕ ಫೋನುಗಳೂ ಬಹಳ ಇವೆ. ಆದ್ದರಿಂದ ಇವತ್ತೇ ಇಬ್ಬರ ಫೋನಿನಲ್ಲೂ *#06# ಒತ್ತಿ, ಬರುವ ನಂಬರ್ ಬರೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಧಾರವಾಡದ ವಕೀಲೆ:

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಜನರಲ್ಲಿ ಒಂದು ತಪ್ಪು ನಂಬಿಕೆ ಇದೆ. ರೈಲಿನಲ್ಲಿ ಕಳುವಾದರೆ ರೈಲ್ವೆ ಪರಿಹಾರ ಕೊಡುತ್ತದೆ ಅಂತ. ಸಾಮಾನ್ಯವಾಗಿ ಕೊಡುವುದಿಲ್ಲ. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ರಸೀದಿ ಪಡೆಯದ ಸಾಮಾನಿಗೆ ರೈಲ್ವೆ ಹೊಣೆ ಅಲ್ಲ. ಪ್ರಯಾಣಿಕರು ತಮ್ಮ ಜೊತೆಗೇ ಒಯ್ಯುವ ಬ್ಯಾಗು ಹೋದರೆ, ರೈಲ್ವೆ ನೌಕರರ ನಿರ್ಲಕ್ಷ್ಯ ಅಥವಾ ದುರ್ನಡತೆಯಿಂದ ಹೋಯಿತು ಅಂತ ತೋರಿಸಬೇಕು.

2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಗಟ್ಟಿ ಮಾಡಿತು. ಒಬ್ಬ ಪ್ರಯಾಣಿಕರು ಸೊಂಟದ ಬೆಲ್ಟಿನಲ್ಲಿ ಕಟ್ಟಿಕೊಂಡಿದ್ದ 1 ಲಕ್ಷ ರೂಪಾಯಿ ರಾತ್ರಿ ರೈಲಿನಲ್ಲಿ ಕಳುವಾಗಿತ್ತು. ಗ್ರಾಹಕ ಆಯೋಗಗಳು ಅವರ ಪರವಾಗಿ ಹೇಳಿದ್ದವು. ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಪ್ರಯಾಣಿಕರು ತಮ್ಮ ವಸ್ತುವನ್ನು ತಾವೇ ಕಾಪಾಡಿಕೊಳ್ಳಲು ಆಗದಿದ್ದರೆ ಅದನ್ನು ರೈಲ್ವೆಯ ಸೇವಾ ನ್ಯೂನತೆ ಅನ್ನಲಾಗದು ಅಂದಿತು. ಹಾಗಾಗಿ ದೊಡ್ಡ ನಗದು ಒಯ್ಯುವ ಯೋಚನೆ ಇದ್ದರೆ ಬಿಡಿಸಿ. ಹೋದರೆ ಹೋದಂತೆಯೇ.

ಆದರೆ ದೂರು ಕೊಡುವ ಹಕ್ಕು ಗಟ್ಟಿಯಾಗಿದೆ. ಹೊಸ ಭಾರತೀಯ ನ್ಯಾಯ ಸಂಹಿತೆಯ 305ನೇ ಸೆಕ್ಷನ್‌ನಲ್ಲಿ, ಪ್ರಯಾಣಿಕರನ್ನು ಒಯ್ಯುವ ವಾಹನದಿಂದ ವಸ್ತು ಕದ್ದರೆ ಏಳು ವರ್ಷದ ತನಕ ಶಿಕ್ಷೆ ಇದೆ. ಫೋನು, ಸರ ಕಿತ್ತುಕೊಳ್ಳುವುದಕ್ಕೆ 304 ಅಂತ ಬೇರೆಯೇ ಸೆಕ್ಷನ್ ಬಂದಿದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. "ಇದು ನಮ್ಮ ವ್ಯಾಪ್ತಿ ಅಲ್ಲ, ಹಿಂದಿನ ಸ್ಟೇಷನ್ನಿಗೆ ಹೋಗಿ" ಅಂತ ಕಳಿಸುವಂತಿಲ್ಲ. ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು.

ಗದಗ ಗೆಳೆಯ:

ಆದರೆ ದೂರು ಕೊಡಲು ನಡುವೆ ಎಲ್ಲೋ ಇಳಿಯಬೇಕಲ್ವಾ? ವಯಸ್ಸಾದವರು ರಾತ್ರಿ ಇಟಾರ್ಸಿಯಲ್ಲಿ ಇಳಿದು ಠಾಣೆ ಹುಡುಕಲು ಆಗುತ್ತದಾ?

ಹಳೇ ಟಿಟಿಇ:

ಇಳಿಯಲೇಬಾರದು. ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎಫ್‌ಐಆರ್ ಫಾರ್ಮ್ ಗಾಡಿಯಲ್ಲೇ ಸಿಗುತ್ತದೆ. ಟಿಟಿಇ, ಗಾರ್ಡ್ ಅಥವಾ ಗಾಡಿಯ ಕಾವಲಿಗೆ ಬರುವ ಪೊಲೀಸರನ್ನು ಕೇಳಬೇಕು. ತುಂಬಿ ಅವರ ಕೈಗೇ ಕೊಟ್ಟರೆ ಅದನ್ನು ಮುಂದಿನ ರೈಲ್ವೆ ಪೊಲೀಸ್ ಠಾಣೆಗೆ ತಲುಪಿಸುತ್ತಾರೆ. ಪ್ರಯಾಣ ನಿಲ್ಲಿಸಬೇಕಾಗಿಲ್ಲ. ಏನು ಹೋಯಿತು, ಬ್ಯಾಗಿನ ಬಣ್ಣ, ಒಳಗೆ ಏನಿತ್ತು, ಕೊನೆಯ ಸಲ ನೋಡಿದ್ದು ಯಾವ ಸ್ಟೇಷನ್ನಿನಲ್ಲಿ, ಗೊತ್ತಾಗಿದ್ದು ಎಲ್ಲಿ, ಇವು ಬೇಕು. ಯಾವ ಸ್ಟೇಷನ್ನು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಆ ಎರಡು ಸ್ಟೇಷನ್ನುಗಳ ಕ್ಯಾಮೆರಾ ನೋಡಿದರೆ ಬ್ಯಾಗು ಹಿಡಿದು ಇಳಿದವನು ಕಾಣಬಹುದು.

ಟಿಟಿಇ ಕಾಣದಿದ್ದರೆ 139. ಮೊದಲು ಭದ್ರತೆಗೆ 182 ಅಂತ ಬೇರೆ ನಂಬರ್ ಇತ್ತು, ಈಗ ಅದು 139ರಲ್ಲೇ ಸೇರಿದೆ. ಕರೆ ಮಾಡಿ 1 ಒತ್ತಿದರೆ ಭದ್ರತೆ ಮತ್ತು ವೈದ್ಯಕೀಯ ಸಹಾಯ. ರೈಲ್ವೆಯ ದೂರಿನ ಆ್ಯಪ್ ಆದ ರೈಲ್ ಮದದ್‌ನಲ್ಲಿ ಪಿಎನ್ಆರ್ ಹಾಕಿ ದೂರು ಬರೆಯಬಹುದು. ಇದನ್ನು ಮಗಳೇ ತುಮಕೂರಿನಿಂದ ಮಾಡಬಹುದು, ಪಿಎನ್ಆರ್ ಗೊತ್ತಿದ್ದರೆ ಸಾಕು. ನೆಟ್‌ವರ್ಕ್ ಸಿಗದ ಕಾಡಿನಲ್ಲಿ ಗಾಡಿ ಇದ್ದರೆ ಮುಂದಿನ ಸ್ಟೇಷನ್ ತನಕ ಕಾಯಬೇಕಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಆರ್‌ಪಿಎಫ್ ಬೇರೆ, ಜಿಆರ್‌ಪಿ ಬೇರೆ. ಆರ್‌ಪಿಎಫ್ ರೈಲ್ವೆಯ ರಕ್ಷಣಾ ಪಡೆ. ಜಿಆರ್‌ಪಿ ಆಯಾ ರಾಜ್ಯದ ಪೊಲೀಸರು. ಕಳುವಿನ ಕೇಸು ದಾಖಲಿಸುವುದು ಜಿಆರ್‌ಪಿ. ಆರ್‌ಪಿಎಫ್‌ನವರಿಗೆ ಹೇಳಿದರೂ ಸಹಾಯ ಮಾಡುತ್ತಾರೆ, ಮರೆತು ಬಿಟ್ಟ ಬ್ಯಾಗುಗಳನ್ನು ಹುಡುಕಿ ಕೊಡುತ್ತಾರೆ. ಆದರೆ ಎಫ್‌ಐಆರ್ ನಂಬರ್ ಜಿಆರ್‌ಪಿಯಿಂದಲೇ ಬರಬೇಕು.

ಅಪ್ಪನ ಜೇಬಿನಲ್ಲಿ ಒಂದು ಚೀಟಿ ಇಡಿ. ಬೋಗಿ, ಬರ್ತ್, ಪಿಎನ್ಆರ್, ನಿಮ್ಮ ನಂಬರ್, 139. ಕೆಳಗೆ ಕನ್ನಡ ಅಕ್ಷರದಲ್ಲೇ ಹಿಂದಿಯ ಎರಡು ವಾಕ್ಯ ಬರೆಯಿರಿ: "ಹಮಾರಾ ಸಾಮಾನ್ ಚೋರಿ ಹೋ ಗಯಾ ಹೈ. ಎಫ್‌ಐಆರ್ ಫಾರ್ಮ್ ದೀಜಿಯೇ."

ಗದಗ ಗೆಳೆಯ:

ಚೈನು ಎಳೆದು ಗಾಡಿ ನಿಲ್ಲಿಸಿದರೆ?

ಹಳೇ ಟಿಟಿಇ:

ಬ್ಯಾಗು ಹೋಗಿದ್ದು ಗೊತ್ತಾಗುವ ಹೊತ್ತಿಗೆ ಕಳ್ಳ ಯಾವಾಗಲೋ ಇಳಿದಿರುತ್ತಾನೆ. ಗಾಡಿಯಲ್ಲೇ ಇದ್ದರೂ ಬಯಲಿನಲ್ಲಿ ಗಾಡಿ ನಿಲ್ಲಿಸಿದರೆ ಇಳಿದು ಓಡಲು ಅವನಿಗೇ ಅನುಕೂಲ. ತಕ್ಕ ಕಾರಣ ಇಲ್ಲದೆ ಎಳೆದರೆ ಒಂದು ವರ್ಷದ ತನಕ ಜೈಲು ಅಥವಾ 1,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಆದರೆ ಅಮ್ಮ ಪ್ಲಾಟ್‌ಫಾರ್ಮಿನಲ್ಲೇ ಉಳಿದು ಗಾಡಿ ಹೊರಟಿತು ಅಂದರೆ ಯೋಚನೆ ಮಾಡದೆ ಎಳೆಯಿರಿ. ಇಬ್ಬರೂ ಒಟ್ಟಿಗೆ ಕೆಳಗೆ ಇಳಿಯುವುದಂತೂ ಯಾವ ಸ್ಟೇಷನ್ನಿನಲ್ಲೂ ಬೇಡ.

ತುಮಕೂರಿನ ಮಗಳು:

ಮಾಂಗಲ್ಯದ ಸರದ ವಿಷಯಕ್ಕೆ ಯಾರೂ ಉತ್ತರ ಹೇಳಲಿಲ್ಲ. ಅದೇ ನನ್ನ ದೊಡ್ಡ ಚಿಂತೆ.

ಕಾಶಿಗೆ ಹೋಗಿ ಬಂದವಳು:

ನಾನು ಹೇಳುತ್ತೇನೆ. ನಮ್ಮ ಅತ್ತೆಯವರೂ ಹೀಗೇ ಹಟ ಮಾಡಿದ್ದರು. ಅರಿಶಿನ ದಾರದಲ್ಲಿ ತಾಳಿ ಕಟ್ಟಿಸಿ, ಚಿನ್ನದ ಸರವನ್ನು ಊರಲ್ಲಿ ಲಾಕರಿನಲ್ಲಿ ಇಟ್ಟೆವು. ಮನೆಯ ಹಿರಿಯರು, ಪುರೋಹಿತರು "ಯಾತ್ರೆಗೆ ಅರಿಶಿನ ದಾರ ಬಹಳ ಒಳ್ಳೆಯದು" ಅಂದ ಮೇಲೆ ಒಪ್ಪಿದರು. ಮಗಳು ಹೇಳಿದರೆ ಕೇಳದ ಮಾತನ್ನು ಅವರು ಹೇಳಿದರೆ ಕೇಳುತ್ತಾರೆ. ಹಾಗೆಯೇ ಪ್ರಯತ್ನ ಮಾಡಿ. ಒಪ್ಪದಿದ್ದರೆ ಕತ್ತಿನ ತನಕ ಮುಚ್ಚುವ ರವಿಕೆ, ಮೇಲೆ ಸೆರಗು, ರಾತ್ರಿ ತಲೆ ಕಿಟಕಿಯ ಕಡೆ ಬೇಡ. ಕಿಟಕಿಯ ಷಟರ್ ಇಳಿಸಿ ಮಲಗಲಿ.

ಕಾಶಿಯಲ್ಲಿ ಎರಡು ಕಡೆ ಜಾಗ್ರತೆ ಬೇಕು. ವಿಶ್ವನಾಥನ ಗುಡಿಯೊಳಗೆ ಫೋನು, ಬ್ಯಾಗು ಬಿಡುವುದಿಲ್ಲ. ಗಲ್ಲಿಯ ಅಂಗಡಿಯವರು ಲಾಕರ್ ಕೊಡುತ್ತೇವೆ ಅಂತ ಕರೆಯುತ್ತಾರೆ, ಬದಲಿಗೆ ಅವರ ಹತ್ತಿರವೇ ಹೂವು ಪ್ರಸಾದ ಕೊಳ್ಳಬೇಕು. ಅದಕ್ಕಿಂತ ಫೋನುಗಳನ್ನು ಉಳಿದುಕೊಂಡ ಕೋಣೆಯಲ್ಲೇ ಬಿಟ್ಟು, ದರ್ಶನಕ್ಕೆ ಬೇಕಾದ ಹಣ ಮಾತ್ರ ಒಯ್ಯುವುದು ಒಳ್ಳೆಯದು. ಇಬ್ಬರೂ ಬೇರೆ ಬೇರೆ ಆದರೆ ಎಲ್ಲಿ ಸೇರಬೇಕು ಅಂತ ಮೊದಲೇ ಒಂದು ಜಾಗ ಗೊತ್ತು ಮಾಡಿಕೊಳ್ಳಲಿ. ಫೋನು ಇಲ್ಲದ ಗುಂಪಿನಲ್ಲಿ ಇದು ಬಹಳ ಮುಖ್ಯ.

ಎರಡನೆಯದು ಘಾಟ್. ಗಂಗಾ ಸ್ನಾನಕ್ಕೆ ಇಬ್ಬರೂ ಒಟ್ಟಿಗೆ ಇಳಿಯುವುದು ಬೇಡ. ಒಬ್ಬರು ಮುಳುಗಿ ಬರುವ ತನಕ ಇನ್ನೊಬ್ಬರು ಬಟ್ಟೆಯ ಹತ್ತಿರ ಕೂರಲಿ. ದಂಪತಿ ಸ್ನಾನ, ಸಂಕಲ್ಪ ಅಂತ ಒಟ್ಟಿಗೆ ಇಳಿಯಲೇಬೇಕಾದರೆ ಕೋಣೆಯಿಂದ ಏನನ್ನೂ ತರದೆ ಬರಲಿ. ಸಂಜೆ ದಶಾಶ್ವಮೇಧ ಘಾಟಿನ ಆರತಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಎಲ್ಲರ ಕಣ್ಣು ದೀಪದ ಮೇಲೆ. ಜೇಬಿಗೆ ಕೈ ಹೋಗುವುದು ಆಗಲೇ. ದೋಣಿಗೆ, ಪೂಜೆಗೆ ಎಷ್ಟು ಅಂತ ಕೂರುವ ಮೊದಲೇ ಮಾತಾಡಿಕೊಳ್ಳಬೇಕು.

ಉಳಿಯಲು ಜಂಗಮವಾಡಿ ಮಠ ಇದೆ, ಗೋದೌಲಿಯಾ ಹತ್ತಿರ. ಕನ್ನಡ ಮಾತಾಡುವವರು ಸಿಗುತ್ತಾರೆ. ಭಾಷೆ ಬರುವ ಜಾಗದಲ್ಲಿ ಉಳಿಯುವುದೇ ಹಿರಿಯರಿಗೆ ಅರ್ಧ ರಕ್ಷಣೆ ಅಂತ ನನ್ನ ಅನಿಸಿಕೆ.

ಕಲಬುರಗಿ ಕಡೆಯವನು:

ಕೋಣೆ ಬುಕ್ ಮಾಡುವಾಗ ಗೂಗಲ್‌ನಲ್ಲಿ ಮೊದಲು ಕಂಡ ನಂಬರಿಗೆ ಮುಂಗಡ ಹಾಕಬೇಡಿ. ಮಠ, ಛತ್ರ, ಅತಿಥಿಗೃಹಗಳ ಹೆಸರಿನಲ್ಲಿ ನಕಲಿ ಪುಟಗಳಿವೆ. 2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರವೇ ಯಾತ್ರಿಕರಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೋಗಿ ಬಂದವರಿಂದ ನಂಬರ್ ಪಡೆದು, ಕರೆ ಮಾಡಿ ಮಾತಾಡಿ.

ತುಮಕೂರಿನ ಮಗಳು:

ಎಲ್ಲರಿಗೂ ಮನಸಾರೆ ಧನ್ಯವಾದ. ಟಿಕೆಟ್ ಇಬ್ಬರಿಗೇ ಮಾಡಿಸಿದ್ದೆ, ಎರಡೂ ಕೆಳಗಿನ ಬರ್ತ್ ಬಂದಿದೆ. ಈ ವಾರ ಬೇರೆ ಖಾತೆ ತೆರೆಸುತ್ತೇನೆ, ಸಿಮ್ ಪಿನ್ ಹಾಕುತ್ತೇನೆ. ಆಧಾರ್ ಮೂಲ ಪ್ರತಿ ಒಯ್ಯಬೇಕಾ? ಮತ್ತೆ ಗಾಡಿ ರದ್ದಾದರೆ ದುಡ್ಡು ವಾಪಸ್ ಕೇಳಲು ಯಾರಿಗೆ ಕರೆ ಮಾಡಬೇಕು?

ಹಳೇ ಟಿಟಿಇ:

ಡಿಜಿಲಾಕರ್‌ನಲ್ಲಿ ಇರುವ ಆಧಾರ್ ಅನ್ನು ರೈಲಿನಲ್ಲಿ ಒಪ್ಪುತ್ತಾರೆ. ಇಬ್ಬರ ಫೋನಿನಲ್ಲೂ ಹಾಕಿಕೊಡಿ. ಆದರೂ ಫೋನು ಹೋದರೆ ಬೇಕಾಗುತ್ತದೆ, ಒಂದು ಮೂಲ ಗುರುತಿನ ಚೀಟಿ ಅಮ್ಮನ ಹತ್ತಿರ, ಇನ್ನೊಂದು ಅಪ್ಪನ ಹತ್ತಿರ ಇರಲಿ. ನಗದೂ ಹಾಗೆಯೇ, ಇಬ್ಬರಲ್ಲಿ ಹಂಚಿ. ಇಳಿಯುವಾಗ ಬಾಗಿಲ ಬಳಿ ನೂಕುನುಗ್ಗಲು ಇರುತ್ತದೆ, ಆ ಹೊತ್ತಿನಲ್ಲಿ ಪರ್ಸು ಹಿಂದಿನ ಜೇಬಿನಲ್ಲಿ ಇರಬಾರದು. ಬ್ಯಾಗುಗಳ ಬೀಗ ಕಾಲು ಗಂಟೆ ಮೊದಲೇ ತೆಗೆದು ಸಿದ್ಧವಾಗಿ ಕೂರಲಿ.

ಗಾಡಿ ರದ್ದಾದರೆ ಯಾರಿಗೂ ಕರೆ ಮಾಡಬೇಡಿ. ಆನ್‌ಲೈನ್ ಟಿಕೆಟ್ ಆಗಿದ್ದರೆ ಹಣ ಯಾವ ಖಾತೆಯಿಂದ ಹೋಗಿತ್ತೋ ಅದಕ್ಕೇ ತಾನಾಗಿ ಬರುತ್ತದೆ. ಗಾಡಿ ಮೂರು ಗಂಟೆಗಿಂತ ತಡವಾಗಿ ನೀವು ಹೋಗದೆ ಉಳಿದರೆ, ಗಾಡಿ ಹೊರಡುವ ಮುಂಚೆ ಟಿಕೆಟ್ ಮಾಡಿಸಿದ ಐಆರ್‌ಸಿಟಿಸಿ ಖಾತೆಯಲ್ಲೇ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ, ಹಾಕಬೇಕು. "ರಿಫಂಡ್ ಕೊಡುತ್ತೇವೆ, ಈ ಆ್ಯಪ್ ಹಾಕಿ, ಪಿನ್ ಒತ್ತಿ" ಅಂತ ಯಾರೇ ಕರೆ ಮಾಡಲಿ, ಅವರು ರೈಲ್ವೆಯವರಲ್ಲ. ದುಡ್ಡು ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಡ. ಅಪ್ಪನಿಗೆ ಇದನ್ನು ಹೊರಡುವ ದಿನ ಇನ್ನೊಮ್ಮೆ ಹೇಳಿ.